ಉಲ್ಲೇಖ ಪಟ್ಟಿ ಮತ್ತು ಊರಾಚೆಯ ಹೆಸರುಗಳು

ಈ ಪತ್ರಿಕೆಯ ವಿಮರ್ಶೆಯ ಪುಟಗಳಲ್ಲಿ ಸಾಮಾನ್ಯವಾಗಿ ಕವನ ಸಂಕಲನ, ಕಾದಂಬರಿ, ನಾಟಕಗಳ ಮಾತು ಬರುತ್ತದೆ. ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ನಿಯಮಾವಳಿಯನ್ನು. ವೈದ್ಯಕೀಯ ಪತ್ರಿಕೆಗೆ ಲೇಖನ ಕಳಿಸುವವರು ತಮ್ಮ ಆಧಾರಗಳನ್ನು ಹೇಗೆ ಬರೆಯಬೇಕು, ಯಾರ ಹೆಸರು ಮೊದಲು, ಎಲ್ಲಿ ಚುಕ್ಕಿ, ಎಲ್ಲಿ ಅಲ್ಪವಿರಾಮ ಎಂದು ವಿಧಿಸುವ ನಿಯಮಾವಳಿ ಇದು. ಇದರಲ್ಲಿ ಕವಿಗಳಿಗೇನು ಕೆಲಸ ಎಂದು ಕೇಳುವವರು ಇದ್ದೇ ಇರುತ್ತಾರೆ. ಚುಕ್ಕಿ ಅಲ್ಪವಿರಾಮಗಳ ಜೊತೆಜೊತೆಗೇ ಈ ನಿಯಮಾವಳಿ ಇನ್ನೊಂದನ್ನೂ ತೀರ್ಮಾನ ಮಾಡುತ್ತದೆ: ಯಾರ ಮಾತು ಜ್ಞಾನ, ಯಾರ ಮಾತು ಬರೀ ಮಾತು ಎಂಬುದನ್ನು. ಹೆಸರು ಬರೆಸಿಕೊಳ್ಳುವುದಕ್ಕೇ ಶತಮಾನಗಟ್ಟಲೆ ಬಡಿದಾಡಿದ ಜನಕ್ಕೆ ಇದು ಸಾಹಿತ್ಯದ ಪ್ರಶ್ನೆಯೇ ಆಗಿದೆ.

ಇನ್ನೂ ಒಂದು ಕಾರಣವಿದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಟ್ಟಿ ಕೇರಿಗಳಿಂದ ಹೊರಟ ನಮ್ಮ ತಮ್ಮಂದಿರು ತಂಗಿಯರು ಈಗ ನರ್ಸಿಂಗ್, ಫಾರ್ಮಸಿ, ಮೆಡಿಕಲ್ ಕಾಲೇಜುಗಳಲ್ಲಿದ್ದಾರೆ. ಮನೆಯಲ್ಲಿ ಮೊದಲ ಸಲ ಪದವಿ ಕಂಡವರು. ಇವರು ಪ್ರಬಂಧ ಬರೆಯುವ ಹೊತ್ತಿಗೆ ಗೈಡ್ ಆದವರು ಒಂದು ಮಾತು ಹೇಳುತ್ತಾರೆ: ‘ರೆಫರೆನ್ಸ್ ಎಲ್ಲಾ ವ್ಯಾಂಕೂವರ್ ಸ್ಟೈಲಲ್ಲಿರಲಿ.’ ವ್ಯಾಂಕೂವರ್ ಊರೋ ಯಂತ್ರವೋ ತಿಳಿಯದೆ ಡಿಟಿಪಿ ಅಂಗಡಿಯವನ ಮುಂದೆ ಹೋಗಿ ನಿಲ್ಲುತ್ತಾರೆ. ಪುಟಕ್ಕಿಷ್ಟು ಎಂದು ಕಾಸು ಕೊಟ್ಟು ಪಟ್ಟಿ ಸರಿಮಾಡಿಸುತ್ತಾರೆ. ನಮ್ಮ ಪೈಕಿ ಕೆಲವರು ಇಂಥ ಅಂಗಡಿಗಳಲ್ಲೇ ರಾತ್ರಿ ಟೈಪು ಮಾಡಿ ಓದಿದವರು. ಬೇರೆಯವರ ಪಟ್ಟಿಗಳನ್ನು ಸಾಲಾಗಿ ಜೋಡಿಸುತ್ತಾ ಜೋಡಿಸುತ್ತಾ ನಮಗೆ ಹೊಳೆದ ಮಾತುಗಳನ್ನು ಇಲ್ಲಿ ಇಡುತ್ತಿದ್ದೇವೆ.

ಮೊದಲು ಈ ನಿಯಮಾವಳಿಯ ಹುಟ್ಟು ತಿಳಿಯಬೇಕು. 1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾ ದೇಶದ ವ್ಯಾಂಕೂವರ್ ಎಂಬ ಪಟ್ಟಣದಲ್ಲಿ ಸೇರಿದರು. ಅಲ್ಲಿಯವರೆಗೆ ಒಂದೊಂದು ಪತ್ರಿಕೆಯದು ಒಂದೊಂದು ಪದ್ಧತಿ. ಒಂದು ಕಡೆ ತಿರಸ್ಕೃತವಾದ ಲೇಖನವನ್ನು ಇನ್ನೊಂದು ಕಡೆಗೆ ಕಳಿಸಬೇಕಾದರೆ ಇಡೀ ಪಟ್ಟಿಯನ್ನು ಮತ್ತೆ ಟೈಪು ಮಾಡಬೇಕಾಗಿತ್ತು. ಈ ತಾಪತ್ರಯ ತಪ್ಪಿಸಲು ಎಲ್ಲರಿಗೂ ಒಂದೇ ಪದ್ಧತಿ ಎಂದು ಅವರು ಒಪ್ಪಿ, 1979ರಲ್ಲಿ ಅದನ್ನು ಪ್ರಕಟಿಸಿದರು. ಆ ಗುಂಪೇ ಬೆಳೆದು ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು. ಅದರ ಶಿಫಾರಸುಗಳು ಆಗಾಗ ತಿದ್ದುಪಡಿಯಾಗುತ್ತಾ ಇಂದಿಗೂ ನಡೆಯುತ್ತಿವೆ. ಪಟ್ಟಿಯ ವಿವರವಾದ ಮಾದರಿಗಳನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಒದಗಿಸುತ್ತದೆ.

ನಿಯಮ ಕಷ್ಟದ್ದೇನಲ್ಲ. ಲೇಖನದಲ್ಲಿ ಮೊದಲು ಬಂದ ಆಧಾರಕ್ಕೆ 1, ಎರಡನೆಯದಕ್ಕೆ 2, ಹೀಗೆ ಬಂದ ಸರದಿಯಲ್ಲೇ ಅಂಕಿ. ಕೊನೆಯ ಪುಟದಲ್ಲಿ ಅದೇ ಸರದಿಯಲ್ಲಿ ಪಟ್ಟಿ. ಅದೇ ಆಧಾರ ಮತ್ತೆ ಬಂದರೆ ಹಳೆಯ ಅಂಕಿಯೇ ಅದಕ್ಕೆ. ಪಟ್ಟಿಯಲ್ಲಿ ಮೊದಲು ಲೇಖಕರ ಕುಲನಾಮ, ಆಮೇಲೆ ಚುಕ್ಕಿಯಿಲ್ಲದ ಇನಿಷಿಯಲ್ಲುಗಳು. ಆರು ಜನದವರೆಗೆ ಹೆಸರು ಬರೆದು, ಅದಕ್ಕಿಂತ ಹೆಚ್ಚಿದ್ದರೆ ‘ಎಟ್ ಆಲ್’ ಎನ್ನುವುದು ರೂಢಿ. ಅದಾದ ಮೇಲೆ ಲೇಖನದ ಶೀರ್ಷಿಕೆ, ಪತ್ರಿಕೆಯ ಸಂಕ್ಷಿಪ್ತ ಹೆಸರು, ವರ್ಷ, ಸಂಪುಟ, ಪುಟ.

ನಮ್ಮ ಸೀಮೆಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಐತೆ ಎಂಬುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಮಳೆ ಕಮ್ಮಿ, ಕೆಳಗೆಲ್ಲ ಕರೀಕಲ್ಲು, ಬೋರು ಆಳಕ್ಕಿಳಿದಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನಕ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5. ಅದನ್ನು ಮೀರಿದ ನೀರು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಬೆನ್ನು, ಮಂಡಿ ಬಿಗಿಯುತ್ತವೆ. ನಮ್ಮ ಸೀಮೆಯ ವಿದ್ಯಾರ್ಥಿಯೊಬ್ಬಳು ಇದರ ಮೇಲೆ ಪ್ರಬಂಧ ಬರೆಯಲು ಕೂತರೆ ಅವಳ ಪಟ್ಟಿಯಲ್ಲಿ ಬಹುಶಃ ಮೊದಲಿಗೇ ಬರುವ ಹಳೆಯ ಆಧಾರ ಇದು: ಶಾರ್ಟ್ ಎಚ್‌ಇ, ಮ್ಯಾಕ್‌ರಾಬರ್ಟ್ ಜಿಆರ್, ಬರ್ನಾರ್ಡ್ ಟಿಡಬ್ಲ್ಯೂ, ಮನ್ನಾಡಿ ನಾಯರ್ ಎಎಸ್. ಎಂಡೆಮಿಕ್ ಫ್ಲೋರೋಸಿಸ್ ಇನ್ ದ ಮದ್ರಾಸ್ ಪ್ರೆಸಿಡೆನ್ಸಿ. ಇಂಡಿಯನ್ ಜೆ ಮೆಡ್ ರೆಸ್. 1937;25:553-68.

ಈ ಒಂದು ಸಾಲಿನೊಳಗೆ ಎಷ್ಟೆಲ್ಲ ಇದೆ ನೋಡಿ. ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಿಗಿದ ಜನರನ್ನು ಕಂಡು, ಇದು ನೀರಿನಿಂದ ಬಂದ ರೋಗ ಎಂದು ನಾಲ್ವರು ಬರೆದರು. ಯಾವ ವರ್ಷ ಬರೆದರು, ಯಾವ ಪುಟದಲ್ಲಿ ಬರೆದರು ಎಂಬುದು ಇಂದಿಗೂ ಹುಡುಕಿದರೆ ಸಿಗುತ್ತದೆ. ‘ಯಾರ್ ಹೇಳಿದ್ದು? ಎಲ್ಲೈತೆ ತೋರ್ಸು’ ಎಂದು ಕೇಳಿದವರಿಗೆ ಉತ್ತರ ಇಲ್ಲಿದೆ.

ಈ ನಿಯಮಾವಳಿಯ ದೊಡ್ಡ ಗುಣ ಇದೇ. ಇದನ್ನು ನಾವು ತುಂಬು ಮನಸ್ಸಿನಿಂದ ಒಪ್ಪುತ್ತೇವೆ. ನಮ್ಮ ಹಿರಿಯರನ್ನು ಸಾವಿರಾರು ವರ್ಷ ಆಳಿದ್ದು ‘ಶಾಸ್ತ್ರದಲ್ಲಿ ಹೇಳಿದೆ’ ಎಂಬ ಒಂದು ವಾಕ್ಯ. ಯಾವ ಶಾಸ್ತ್ರ, ಎಷ್ಟನೇ ಅಧ್ಯಾಯ, ಎಷ್ಟನೇ ಶ್ಲೋಕ ಎಂದು ಕೇಳುವ ಹಕ್ಕು ಕೇಳಿಸಿಕೊಂಡವನಿಗೆ ಇರಲಿಲ್ಲ. ಕೇಳಿದವನ ಗತಿ ಏನಾಗುತ್ತಿತ್ತೆಂದು ನಮಗೆ ಗೊತ್ತು. ಬಾಬಾಸಾಹೇಬರು ಮಾಡಿದ ಕೆಲಸದಲ್ಲಿ ಇದೂ ಒಂದು: ಅವರು ಅಧ್ಯಾಯ ಕೇಳಿದರು, ಶ್ಲೋಕದ ಸಂಖ್ಯೆ ಕೇಳಿದರು, ಅದನ್ನೇ ಎದುರಿಗಿಟ್ಟು ವಾದ ಮಾಡಿದರು. 1936ರಲ್ಲಿ ಅಚ್ಚಾದ ‘ಜಾತಿ ವಿನಾಶ’ದ ಎರಡನೆಯ ಮುದ್ರಣದಲ್ಲಿ, 1937ರಲ್ಲಿ, ಗಾಂಧಿಯವರ ಟೀಕೆಯನ್ನೇ ಸೇರಿಸಿ ಅದರ ಮುಂದೆ ತಮ್ಮ ಉತ್ತರವನ್ನು ಇಟ್ಟರು. ಎದುರಾಳಿಯ ಮಾತನ್ನು ತಿರುಚದೆ ಓದುಗರ ಕೈಗೆ ಕೊಟ್ಟು, ಈಗ ನೀವೇ ತೀರ್ಮಾನ ಮಾಡಿ ಎನ್ನುವ ಈ ಧೈರ್ಯದಿಂದಲೇ ಉಲ್ಲೇಖದ ನೀತಿ ಹುಟ್ಟುತ್ತದೆ. ಆದ್ದರಿಂದ ‘ಇದೆಲ್ಲಾ ಪಾಶ್ಚಾತ್ಯರ ಚಾಳಿ, ನಮಗ್ಯಾಕೆ’ ಎನ್ನುವ ಗೆಳೆಯರ ಜೊತೆ ನಾವಿಲ್ಲ. ಪುರಾವೆ ಕೇಳುವ ಪದ್ಧತಿಯಿಂದ ಕೆಳಗಿನವನಿಗೆ ನಷ್ಟವಿಲ್ಲ. ಪುರಾವೆ ಇಲ್ಲದ ಮಾತಿನಿಂದಲೇ ಅವನು ಹಾಳಾಗಿರುವುದು.

ಆದರೆ ನಿಯಮವನ್ನು ಪಾಲಿಸಿದಂತೆ ತೋರಿಸಿ ಅದರ ಒಳಗನ್ನು ಕೊಲ್ಲುವುದೂ ಸಾಧ್ಯ. ಶಾಸ್ತ್ರಕ್ಕೆ ಆದದ್ದೇ ವಿಜ್ಞಾನಕ್ಕೂ ಆಗಬಹುದು. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಎಂಬಿಬ್ಬರ ಒಂದು ಪುಟ್ಟ ಪತ್ರ ಬಂತು. ಐದೇ ವಾಕ್ಯದ ಪತ್ರ. ಆಸ್ಪತ್ರೆಯಲ್ಲಿ ದಾಖಲಾಗಿ ನೋವಿಗೆ ಅಫೀಮಿನ ಜಾತಿಯ ಔಷಧಿ ಪಡೆದವರಲ್ಲಿ ಚಟ ಹತ್ತಿದವರು ಬಹಳ ಕಮ್ಮಿ ಎಂದು ಅದು ಹೇಳಿತ್ತು. ಆಮೇಲಿನ ವರ್ಷಗಳಲ್ಲಿ ಈ ಪತ್ರವನ್ನು ಎಷ್ಟು ಲೇಖನಗಳು ಉಲ್ಲೇಖಿಸಿವೆ ಎಂದು 2017ರಲ್ಲಿ ಅದೇ ಪತ್ರಿಕೆಯಲ್ಲಿ ಲೆಕ್ಕ ಪ್ರಕಟವಾಯಿತು. 608 ಸಲ. ಅದರಲ್ಲಿ 439 ಕಡೆ ‘ಈ ಔಷಧಿಯಿಂದ ಚಟ ಹತ್ತುವುದು ಅಪರೂಪ’ ಎಂಬುದಕ್ಕೆ ಇದನ್ನೇ ಪುರಾವೆ ಮಾಡಿಕೊಂಡಿದ್ದರು. ಆ ರೋಗಿಗಳು ಆಸ್ಪತ್ರೆಯೊಳಗೆ ಇದ್ದವರು ಎಂಬ ಮುಖ್ಯ ಮಾತನ್ನು 491 ಲೇಖನಗಳು ಬಿಟ್ಟೇಬಿಟ್ಟಿದ್ದವು. ಹೀಗೆ ಹರಡಿದ ನಂಬಿಕೆಯಿಂದ ಮನೆಮನೆಗೆ ಹೋದ ಮಾತ್ರೆಗಳು ಉತ್ತರ ಅಮೆರಿಕದಲ್ಲಿ ಎಷ್ಟು ಜನರ ಜೀವ ತೆಗೆದವೆಂಬುದು ಲೋಕಕ್ಕೆ ಗೊತ್ತಿದೆ. ಆ ಪಟ್ಟಿಗಳಲ್ಲಿ ಚುಕ್ಕಿ, ಅಲ್ಪವಿರಾಮ ಎಲ್ಲಾ ಸರಿಯಾಗಿಯೇ ಇದ್ದಿರಬೇಕು. ಇಲ್ಲದ್ದು ಓದು.

ಓದದೆ ಉಲ್ಲೇಖಿಸುವುದು ಎಷ್ಟು ವ್ಯಾಪಕ ಎಂಬುದಕ್ಕೂ ಒಂದು ಅಧ್ಯಯನವಿದೆ. 2003ರಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು ವಿಜ್ಞಾನಿಗಳು ಪಟ್ಟಿಗಳಲ್ಲಿನ ಅಚ್ಚಿನ ತಪ್ಪುಗಳನ್ನು ಬೆನ್ನು ಹತ್ತಿದರು. ಒಬ್ಬ ಪುಟಸಂಖ್ಯೆ ತಪ್ಪು ಬರೆದರೆ, ಹತ್ತು ಜನ ಅದೇ ತಪ್ಪನ್ನು ಬರೆದಿದ್ದರೆ, ಆ ಹತ್ತು ಜನ ಮೂಲ ನೋಡಿಲ್ಲ, ಪಟ್ಟಿಯಿಂದ ಪಟ್ಟಿಗೆ ನಕಲು ಹೊಡೆದಿದ್ದಾರೆ ಎಂದರ್ಥ. ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಶೇಕಡಾ 20ರಷ್ಟು ಮಾತ್ರ ಎಂದು ಅವರು ಅಂದಾಜು ಮಾಡಿದರು. ನಾವು ಮೇಲೆ ಹೇಳಿದ 1937ರ ಲೇಖನದ ಶಾರ್ಟ್ ಸಾಹೇಬನ ಹೆಸರಲ್ಲಿ ಇಂಗ್ಲಿಷಿನ ಎರಡು ‘ಟಿ’ ಇವೆ. ಎಷ್ಟೋ ಪಟ್ಟಿಗಳಲ್ಲಿ ಅವನು ಒಂದು ‘ಟಿ’ ಕಳೆದುಕೊಂಡು ಓಡಾಡುತ್ತಿದ್ದಾನೆ. ಈಗಂತೂ ಕೇಳಿದ ಕೂಡಲೇ ಬರೆದುಕೊಡುವ ಯಂತ್ರಗಳು ಬಂದಿವೆ. ಅವು ಲೋಕದಲ್ಲಿ ಇಲ್ಲವೇ ಇಲ್ಲದ ಲೇಖನಗಳಿಗೂ ಲೇಖಕರು, ವರ್ಷ, ಪುಟ ಹುಟ್ಟಿಸಿಕೊಡಬಲ್ಲವು. ಗಿಣಿಪಾಠ ಒಪ್ಪಿಸುವುದನ್ನು ಅಗ್ರಹಾರದಿಂದ ಕಲಿಯಬೇಕಾಗಿರಲಿಲ್ಲ. ಅದನ್ನೇ ಪ್ರಯೋಗಾಲಯಕ್ಕೂ ತಂದಿದ್ದೇವೆ.

ಇದು ನಿಯಮ ಪಾಲಿಸುವವರ ದೋಷ. ಇನ್ನು ನಿಯಮದ್ದೇ ಆದ ದೋಷಗಳಿಗೆ ಬರೋಣ.

ಮೊದಲನೆಯದು ಹೆಸರು. ಕುಲನಾಮ ಮುಂದೆ, ಇನಿಷಿಯಲ್ ಹಿಂದೆ ಎನ್ನುವ ಈ ನಿಯಮ ಎಲ್ಲರಿಗೂ ಕುಲನಾಮ ಇದೆ ಎಂದು ಭಾವಿಸಿಕೊಂಡಿದೆ. ನಮ್ಮ ಸೀಮೆಯಲ್ಲಿ ಹೆಸರೆಂದರೆ ಊರು, ಅಪ್ಪ, ಆಮೇಲೆ ತಾನು. ಓಬಯ್ಯನ ಮಗಳು ಮಾರಕ್ಕ ಎಂದು ಒಂದು ಹೆಸರು ಇಟ್ಟುಕೊಳ್ಳೋಣ. ಶಾಲೆಯ ದಾಖಲೆಯಲ್ಲಿ ಅವಳು ಓ. ಮಾರಕ್ಕ. ಪತ್ರಿಕೆಯವರ ಫಾರಂ ಅವಳಿಗೆ ‘ಸರ್‌ನೇಮ್’ ಕೇಳುತ್ತದೆ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡದು. ಅವಳು ಅಪ್ಪನ ಹೆಸರು ತುಂಬುತ್ತಾಳೆ. ಅಲ್ಲಿಂದ ಮುಂದೆ ಲೋಕದ ಎಲ್ಲ ಪಟ್ಟಿಗಳಲ್ಲಿ ಅವಳು ‘ಓಬಯ್ಯ ಎಂ’. ಹೆಬ್ಬೆಟ್ಟು ಒತ್ತಿ ಮಗಳನ್ನು ಓದಿಸಿದ ಓಬಯ್ಯನ ಹೆಸರು ವೈದ್ಯಕೀಯ ಪತ್ರಿಕೆಯಲ್ಲಿ ಮೆರೆಯುತ್ತದೆ, ಅದಕ್ಕೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಓದಿದವಳು, ರಾತ್ರಿ ಕೂತು ಬರೆದವಳು ಒಂದು ಅಕ್ಷರವಾಗಿ ಹಿಂದೆ ಉಳಿದಳು. ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲರೂ ಒಂದೇ ಓಬಯ್ಯ ಆಗುತ್ತಾರೆ. ಇನ್ನೊಂದು ಲೇಖನದಲ್ಲಿ ಅವಳು ‘ಮಾರಕ್ಕ ಓ’ ಎಂದು ಬರೆದರೆ ಲೆಕ್ಕ ಇಡುವ ಯಂತ್ರಕ್ಕೆ ಅವಳು ಬೇರೊಬ್ಬಳು. ಯಾರಿಗೆ ಅಜ್ಜನ ಕಾಲದಿಂದ ಬಂದ ಮನೆತನದ ಹೆಸರಿದೆಯೋ, ಜಾತಿಯನ್ನೇ ಹೆಸರಿನ ಬಾಲಕ್ಕೆ ಕಟ್ಟಿಕೊಂಡು ಓಡಾಡುವವರು ಯಾರೋ, ಅವರಿಗೆ ಈ ತೊಂದರೆ ಇಲ್ಲ. ಆದ್ದರಿಂದ ಬರೆಯುವ ತಂಗಿಯರಿಗೆ ನಮ್ಮ ಮೊದಲ ಮಾತು: ಮೊದಲ ಲೇಖನ ಕಳಿಸುವ ಮುಂಚೆಯೇ ನಿಮ್ಮ ಹೆಸರು ಹೇಗೆ ಅಚ್ಚಾಗಬೇಕೆಂದು ನೀವೇ ತೀರ್ಮಾನಿಸಿ, ಕೊನೆತನಕ ಅದನ್ನೇ ಹಿಡಿಯಿರಿ. ಸಂಶೋಧಕರಿಗೆ ಕಾಸಿಲ್ಲದೆ ಸಿಗುವ ಆರ್ಕಿಡ್ ಎಂಬ ಗುರುತಿನ ಸಂಖ್ಯೆಯೊಂದಿದೆ, ಅದನ್ನು ಪಡೆಯಿರಿ.

ಇನ್ನು ‘ಎಟ್ ಆಲ್’. ಇದು ಲ್ಯಾಟಿನ್ ಭಾಷೆಯದು, ‘ಮತ್ತಿತರರು’ ಎಂದರ್ಥ. ನಮ್ಮ ಪೇಪರಿನ ಸುದ್ದಿಗಳಲ್ಲಿ ಕಾರ್ಯಕ್ರಮದ ವರದಿಯ ಕೊನೆಗೆ ‘ಮುಂತಾದವರು ಹಾಜರಿದ್ದರು’ ಎಂದು ಬರುತ್ತದಲ್ಲ, ಹಾಗೆ. ಆ ‘ಮುಂತಾದವರಲ್ಲಿ’ ಯಾರಿರುತ್ತಾರೆಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯ್ತಿಯ ಮೀಸಲು ಕ್ಷೇತ್ರದ ಸದಸ್ಯೆ ಇರುತ್ತಾಳೆ, ಅಂಗನವಾಡಿಯ ಅಕ್ಕ ಇರುತ್ತಾಳೆ, ಪೆಂಡಾಲು ಹಾಕಿದವನು ಇರುತ್ತಾನೆ. ಜಾಗ ಉಳಿಸಲು ಆರಕ್ಕೆ ನಿಲ್ಲಿಸಿದ್ದೇವೆ ಎನ್ನುತ್ತಾರೆ. ಕಾಗದ ದುಬಾರಿಯಾಗಿದ್ದ ಕಾಲಕ್ಕೆ ಅದು ಸರಿ. ಇಂದು ಎಷ್ಟೋ ಪತ್ರಿಕೆಗಳು ಕಾಗದವನ್ನೇ ಕಾಣುವುದಿಲ್ಲ. ಏಳನೆಯವರ ಹೆಸರಿಗೆ ಏನು ಖರ್ಚು?

ಎರಡನೆಯ ದೋಷ ಇದಕ್ಕಿಂತ ಆಳದ್ದು. ಅಚ್ಚಾಗದ ಮಾತಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಯಾರೋ ಬಾಯಲ್ಲಿ ಹೇಳಿದ್ದನ್ನು ‘ಪರ್ಸನಲ್ ಕಮ್ಯುನಿಕೇಶನ್’ ಎನ್ನುತ್ತಾರೆ. ಸಾಧ್ಯವಾದಷ್ಟೂ ಅದನ್ನು ಬಳಸಬೇಡಿ ಎನ್ನುವುದು ಸಮಿತಿಯ ಶಿಫಾರಸು. ಬೇರೆಲ್ಲೂ ಸಿಗದ ಅತ್ಯಗತ್ಯ ಸಂಗತಿಯಾದರೆ ಮಾತ್ರ, ಹೇಳಿದವರ ಹೆಸರು ಮತ್ತು ತಾರೀಖನ್ನು ವಾಕ್ಯದ ಮಧ್ಯೆ ಆವರಣ ಚಿಹ್ನೆಯೊಳಗೆ ಹಾಕಬೇಕು. ಅವರಿಂದ ಲಿಖಿತ ಒಪ್ಪಿಗೆಯನ್ನೂ, ಹೇಳಿದ್ದು ಸರಿಯಾಗಿದೆ ಎಂಬ ದೃಢೀಕರಣವನ್ನೂ ಪಡೆಯಬೇಕು. ಕೊನೆಯ ಪುಟದ ಪಟ್ಟಿಯಲ್ಲಿ ಅವರಿಗೆ ಅಂಕಿಯಿಲ್ಲ. ಊರೊಳಗೆ ಮನೆಯಿಲ್ಲ, ಜಗುಲಿಯ ಮೇಲೆ ಬೇಕಾದರೆ ಸ್ವಲ್ಪ ಹೊತ್ತು ಕೂತ್ಕೋ ಎಂದ ಹಾಗಾಯಿತು.

ಈ ನಿಯಮಕ್ಕೆ ಕಾರಣವಿಲ್ಲ ಎಂದು ನಾವು ಹೇಳುವುದಿಲ್ಲ. ಬಾಯಿ ಮಾತನ್ನು ಓದುಗ ಹೋಗಿ ಪರೀಕ್ಷಿಸಲಾರ. ಹೇಳದ ಮಾತನ್ನು ಹೇಳಿದರೆಂದು ಬರೆದು ಬಡವರ ಬಾಯಲ್ಲಿ ತಮ್ಮ ಮಾತು ತುರುಕುವವರೂ ಉಂಟು. ಆದರೆ ಬರೆಯದೇ ಇರುವುದು ಎಲ್ಲರ ಆಯ್ಕೆಯಾಗಿರಲಿಲ್ಲ ಎಂಬ ಚರಿತ್ರೆಯನ್ನು ಈ ನಿಯಮ ಕಾಣುವುದಿಲ್ಲ. ಅಕ್ಷರ ಮುಟ್ಟಗೊಡದೆ ಇಟ್ಟ ಜನರ ಮುಂದೆ ನಿಂತು ‘ನೀವು ಬರೆದಿಟ್ಟಿದ್ದೀರಾ?’ ಎಂದು ಕೇಳುವುದು, ಕೆರೆಗೆ ಇಳಿಯಗೊಡದವರೇ ‘ನೀನ್ಯಾಕೆ ಈಜು ಕಲಿಯಲಿಲ್ಲ?’ ಎಂದಂತೆ.

ಇದರ ಬೆಲೆ ಎಷ್ಟೆಂಬುದನ್ನು ಅರಿಶಿನದ ಪ್ರಕರಣ ತೋರಿಸಿತು. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ಮಾಯುತ್ತದೆ ಎಂಬುದರ ಮೇಲೆ ಪೇಟೆಂಟ್ ಸಿಕ್ಕಿತು. ನಮ್ಮ ಯಾವ ಹಟ್ಟಿಯ ಅಜ್ಜಿಯನ್ನು ಕೇಳಿದರೂ ಹೇಳುತ್ತಿದ್ದಳು. ಆದರೆ ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ಬರೀ ಬಳಕೆಯಲ್ಲಿದ್ದರೆ ಸಾಲದು, ಅಚ್ಚಾಗಿರಬೇಕು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 32 ಲಿಖಿತ ಆಧಾರಗಳನ್ನು ಹುಡುಕಿ ಸಲ್ಲಿಸಿತು. ಹಳೆಯ ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳು ಅದರಲ್ಲಿದ್ದವು. 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನವೊಂದಿತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಉಲ್ಲೇಖ ಪಟ್ಟಿ ಗೆದ್ದಿತು, ಸಂತೋಷ. ಆದರೆ ಅರಿಶಿನಕ್ಕೆ ಬರೆದಿಟ್ಟವರಿದ್ದರು. ಮ್ಯಾಸಬೇಡರ ಹಟ್ಟಿಯಲ್ಲಿ, ಗೊಲ್ಲರಹಟ್ಟಿಯಲ್ಲಿ, ಮಾದಿಗರ ಕೇರಿಯಲ್ಲಿ ದನಕ್ಕೂ ಮನುಷ್ಯರಿಗೂ ಬಳಸುವ ಬೇರು ಸೊಪ್ಪಿನ ತಿಳಿವಳಿಕೆಗೆ 32 ಬೇಡ, ಒಂದು ಲಿಖಿತ ಆಧಾರ ತೋರಿಸಿ ನೋಡೋಣ. ಇಂಥ ಗಿಡಗಳ ಮೇಲೆ ಲೇಖನಗಳು ಬಂದರೂ ಹೇಳಿಕೊಟ್ಟವರು ‘ಮಾಹಿತಿದಾರರು, ಇಷ್ಟು ಮಂದಿ’ ಎಂಬ ಒಂದು ಸಂಖ್ಯೆಯಾಗಿ ಮುಗಿದುಹೋಗುವುದೇ ಹೆಚ್ಚು. ಗಿಡಕ್ಕೆ ಲ್ಯಾಟಿನ್ ಹೆಸರು, ಗಿಡಕ್ಕೆ ಹೆಸರಿಟ್ಟವನ ಹೆಸರಿನ ಸಂಕ್ಷಿಪ್ತ ರೂಪ ಎಲ್ಲಾ ಇರುತ್ತದೆ. ಗಿಡ ತೋರಿಸಿದ ಕೈಯ ಹೆಸರಿಲ್ಲ.

ಮೂರನೆಯದು ಇದರ ತಿರುವುಮುರುವು. ಹೆಸರು ಬೇಕಾದಲ್ಲಿ ಕೊಡದವರು ಬೇಡವಾದಲ್ಲಿ ಅಂಟಿಸುತ್ತಾರೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು ಎಂಬ ಊರಲ್ಲಿ 1975ರ ಸುಮಾರಿಗೆ ಒಂದು ರೋಗ ಕಂಡಿತು. ಸೊಂಟ, ಮಂಡಿಯ ಕೀಲುಗಳು ಕೆಟ್ಟು ಜನ ನಡೆಯಲಾರದವರಾದರು. ರೋಗ ಬಿದ್ದದ್ದು ಹೆಚ್ಚಾಗಿ ದಲಿತರಾದ ಚನ್ನಂಗಿ, ಚಲವಾದಿ ಜನರ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ಅವರು ಮಲೆನಾಡಿನ ಕೀಲುರೋಗ ಎಂದು ಕರೆದು 1970ರ ದಶಕದಲ್ಲೇ ಇದರ ಬಗ್ಗೆ ಬರೆದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವೇ ಎಂಬ ಶಂಕೆ ಮೊದಲು ಎದ್ದಿತು. 1994ರಲ್ಲಿ ಅಗರ್‌ವಾಲ್ ಮತ್ತು ಸಂಗಡಿಗರು ಸ್ಕೆಲಿಟಲ್ ರೇಡಿಯಾಲಜಿ ಎಂಬ ಪತ್ರಿಕೆಯಲ್ಲಿ, ಇದು ಹೆತ್ತವರಿಂದ ಮಕ್ಕಳಿಗೆ ಬರುವ ಎಲುಬಿನ ಬೆಳವಣಿಗೆಯ ದೋಷದ ಒಂದು ಹೊಸ ಬಗೆ ಎಂದು ಬರೆದರು. ಆ ಶೀರ್ಷಿಕೆಯಲ್ಲಿ ರೋಗದ ಹೆಸರೇ ‘ಹಂದಿಗೋಡು ಡಿಸೀಸ್’. ಇಂದು ವೈದ್ಯಕೀಯ ಗ್ರಂಥಾಲಯದ ಪಟ್ಟಿಯಲ್ಲಿ ಹಂದಿಗೋಡು ಎಂದು ಹುಡುಕಿದರೆ ರೋಗವೇ ಎದುರಾಗುತ್ತದೆ.

ನೋಡಿ ಈ ಲೆಕ್ಕವನ್ನು. ಎಲುಬು ಕೊಟ್ಟವರು ಕೇರಿಯವರು. ಎಕ್ಸ್‌ರೇ ಪರದೆಯ ಹಿಂದೆ ನಿಂತವರು ಕೇರಿಯವರು. ಪಟ್ಟಿಯಲ್ಲಿ ಲೇಖಕರ ಹೆಸರಿನ ಜಾಗದಲ್ಲಿ ಅವರಿಲ್ಲ, ರೋಗದ ಹೆಸರಿನ ಜಾಗದಲ್ಲಿ ಅವರ ಊರಿದೆ. ಆ ಊರಿನ ಹೆಣ್ಣುಮಗಳಿಗೆ ಗಂಡು ಹುಡುಕುವ ಅಪ್ಪನಿಗೆ ಅದು ಏನು ಎಂಬುದನ್ನು ಯಾವ ಸಂಪಾದಕ ಸಮಿತಿಯೂ ಅಂದು ಯೋಚಿಸಲಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೊಸ ರೋಗಗಳಿಗೆ ಊರಿನ, ಜನರ ಹೆಸರಿಡಬೇಡಿ ಎಂದು ಹೇಳಿತು. ಒಳ್ಳೆಯದು. ಹಳೆಯ ಪಟ್ಟಿಗಳಲ್ಲಿ ಅಚ್ಚಾದ ಹೆಸರು ಮಾತ್ರ ಅಳಿಸುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ನಾವು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ನಮ್ಮ ವಾದ ದಾರಿ ತಪ್ಪುತ್ತದೆ. ರೋಗಿಯ ಹೆಸರು ಮುಚ್ಚಿಡಬೇಕು ಎನ್ನುವ ನಿಯಮ ಸರಿಯಾದದ್ದೇ. ನಮ್ಮ ಮಗುವಿನ ಕಂದು ಹಲ್ಲಿನ ಫೋಟೋದ ಕೆಳಗೆ ಅದರ ಹೆಸರು ಬರುವುದು ಬೇಡ. ಮೈ ತೋರಿಸಿದವರನ್ನು ಮರೆಮಾಡಬೇಕು, ತಿಳಿವಳಿಕೆ ಕೊಟ್ಟವರನ್ನು ಹೆಸರಿಸಬೇಕು. ‘ಈ ಬೋರಿನ ನೀರು ಕುಡಿದ ಮೇಲೇ ದನದ ಹಲ್ಲು ಸವೆದವು, ಆ ಬಾವಿ ನೀರಲ್ಲಿ ಹಂಗಾಗಲಿಲ್ಲ’ ಎಂದು ದಾರಿ ತೋರಿಸುವ ಹಟ್ಟಿಯ ಮುದುಕನೊಬ್ಬ ಆ ಗಳಿಗೆಯಲ್ಲಿ ರೋಗಿಯಲ್ಲ, ಸಂಶೋಧಕನೇ. ಈಗಿನ ಬರವಣಿಗೆ ಇಬ್ಬರನ್ನೂ ಒಂದೇ ಮೂಟೆಗೆ ಕಟ್ಟಿ ‘ಸ್ಥಳೀಯರು’ ಎಂದು ಚೀಟಿ ಅಂಟಿಸುತ್ತದೆ.

ನಮ್ಮ ಹಟ್ಟಿಗಳಿಗೆ ಆರೋಗ್ಯದ ಕ್ಯಾಂಪುಗಳು ಬರುತ್ತವೆ. ಮಕ್ಕಳ ಬಾಯಿ ತೆರೆಸಿ ನೋಡುತ್ತಾರೆ, ಬಾಟಲಿಯಲ್ಲಿ ನೀರು ತುಂಬುತ್ತಾರೆ, ರಕ್ತ ಎಳೆಯುತ್ತಾರೆ, ಜೀಪು ಹತ್ತುತ್ತಾರೆ. ಆ ರಕ್ತ, ಆ ನೀರು ಆಮೇಲೆ ಯಾವ ಲೇಖನವಾಯಿತು, ಅದು ಏನು ಹೇಳಿತು ಎಂದು ನಮ್ಮ ಹಟ್ಟಿಗೆ ವಾಪಸು ಬಂದು ಹೇಳಿದವರನ್ನು ನಾವು ಕಂಡಿಲ್ಲ. ಯಾವ ಕಾಲೇಜಿನವರು ಎಂಬುದು ಇಲ್ಲಿ ಮುಖ್ಯವಲ್ಲ. ಇದು ಒಂದು ಪದ್ಧತಿ. ಅವರು ಬರೆಯುವ ಲೇಖನದಲ್ಲಿ ಹಳೆಯ ಲೇಖನಗಳ ಋಣ ಒಂದೊಂದಾಗಿ, ಅಂಕಿ ಹಾಕಿ ಸಂದಾಯವಾಗುತ್ತದೆ. ಹಟ್ಟಿಯ ಋಣ ಬಾಕಿಯಾಗಿಯೇ ಉಳಿಯುತ್ತದೆ.

ಬಾಯಿ ಮಾತಿಗೆ ಹೆಸರು ಕೊಡುವುದು ಆಗದ ಕೆಲಸ ಎಂಬ ವಾದವನ್ನು ನಮ್ಮ ನೆಲವೇ ಸುಳ್ಳು ಮಾಡಿದೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆಗೆ ಹೋಗಿ ನೋಡಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಮಾತು ರಾಜನದು. ಅದು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರ ಮೂಲಕ, ಇಸಿಲದ ಮಹಾಮಾತ್ರರಿಗೆ ಬಂದದ್ದು. ಕೊನೆಯಲ್ಲಿ ಬರೆದವನು ಚಪಡ, ಲಿಪಿಕಾರ. ಉಳಿದದ್ದೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ಲಿಪಿಕಾರ ಎಂಬ ಆ ಕೊನೆಯ ಮಾತನ್ನು ಅವನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡ. ಹೇಳಿದವರು ಯಾರು, ಯಾರ ಮೂಲಕ ಬಂತು, ಬರೆದವರು ಯಾರು ಎಂಬ ಮೂರು ಪ್ರಶ್ನೆಗಳಿಗೂ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಬಂಡೆ ಉತ್ತರ ಕೊಡುತ್ತಿದೆ. ಬಂಡೆಗೆ ಉಳಿ ಇಟ್ಟ ಕೈ ಬೇರೆಯಾಗಿದ್ದರೆ ಅದರ ಹೆಸರು ಮಾತ್ರ ಅಲ್ಲೂ ಇಲ್ಲ. ಆಗಿನಿಂದಲೂ ಪಟ್ಟಿ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ಅದನ್ನು ಇನ್ನೊಂದು ಮಾರು ಮುಂದಕ್ಕೆ ಎಳೆಯುವುದೇ ನಮ್ಮ ಕೆಲಸ.

ಹತ್ತಿರದ ಇನ್ನೊಂದು ಉದಾಹರಣೆ ಚಳ್ಳಕೆರೆ ತಾಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರ ಬಾರದ ಕಾಡುಗೊಲ್ಲರ ಹೆಣ್ಣುಮಗಳು ನೆನಪಿನಲ್ಲಿಟ್ಟುಕೊಂಡಿದ್ದ ಪದಗಳನ್ನು ಕೃಷ್ಣಮೂರ್ತಿ ಹನೂರರಂಥವರು ಬರೆದುಕೊಂಡರು. ‘ಒಬ್ಬ ಮಾಹಿತಿದಾರಳು’ ಎಂದು ಅವಳನ್ನು ಮುಗಿಸಲಿಲ್ಲ. ಅವಳ ಹೆಸರು, ಅವಳ ಹಟ್ಟಿ ನಾಡಿಗೆ ಗೊತ್ತಾಯಿತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವಳಿಗೆ ನಾಡೋಜ ಗೌರವ ಕೊಟ್ಟಿತು. ಹಾಡಿದವರು ಯಾರು, ಯಾವ ಊರು ಎಂದು ಬರೆಯುವುದು ಕನ್ನಡದ ಜಾನಪದ ಸಂಗ್ರಹಗಳಲ್ಲಿ ರೂಢಿಗೆ ಬಂದಿದೆ. ಹಾಡಿಗೆ ಇದು ಸಾಧ್ಯವಾದರೆ ಬೇರಿಗೆ, ಸೊಪ್ಪಿಗೆ, ನೀರಿನ ತಿಳಿವಳಿಕೆಗೆ ಯಾಕೆ ಸಾಧ್ಯವಿಲ್ಲ?

‘ಲಿಖಿತ ಒಪ್ಪಿಗೆ ಬೇಕಲ್ಲ, ಅವರಿಗೆ ಬರೆಯಲು ಬಾರದಲ್ಲ’ ಎನ್ನುವವರಿಗೆ ನಮ್ಮ ಉತ್ತರ ಸಿದ್ಧವಿದೆ. ಓದು ಬಾರದವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವಾಗ, ಪಕ್ಷಪಾತವಿಲ್ಲದ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆದರೆ ಸಾಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಒಪ್ಪುತ್ತದೆ. ರಕ್ತ ಕೊಡುವುದಕ್ಕೆ ಸಲ್ಲುವ ಹೆಬ್ಬೆಟ್ಟು ಹೆಸರು ಕೊಡುವುದಕ್ಕೂ ಸಲ್ಲಲೇಬೇಕು.

ಹಾಗಾದರೆ ಮಾಡುವುದೇನು? ನಿಯಮ ಸುಟ್ಟುಹಾಕಿ ಎಂದು ನಾವು ಕೂಗುವುದಿಲ್ಲ. ಮೊದಲು ಕಲಿಯಿರಿ, ಡಿಟಿಪಿ ಅಂಗಡಿಯವನಿಗಿಂತ ಚೆನ್ನಾಗಿ ಕಲಿಯಿರಿ. ಜೊಟೇರೊದಂಥ ಕಾಸಿಲ್ಲದ ತಂತ್ರಾಂಶಗಳಿವೆ, ಮಧ್ಯದಲ್ಲಿ ಒಂದು ಆಧಾರ ಸೇರಿಸಿದರೆ ಉಳಿದ ಅಂಕಿಗಳನ್ನೆಲ್ಲ ಅವೇ ತಿದ್ದುತ್ತವೆ. ಓದದೆ ಒಂದನ್ನೂ ಪಟ್ಟಿಗೆ ಸೇರಿಸಬೇಡಿ. ಹಿಂತೆಗೆದುಕೊಂಡ ಲೇಖನವೇನಾದರೂ ಸೇರಿದೆಯೇ ನೋಡಿ. ಚುಕ್ಕಿ ತಪ್ಪಿತೆಂದು ನಮ್ಮವರ ಲೇಖನ ವಾಪಸು ಬರುವಂತಾಗಬಾರದು.

ಆಮೇಲೆ ಆ ನಿಯಮದೊಳಗೇ ಇರುವ ಕಿಂಡಿಗಳನ್ನು ಬಳಸಿ. ಇಂಗ್ಲಿಷಲ್ಲದ ಭಾಷೆಯ ಬರಹವನ್ನೂ ಉಲ್ಲೇಖಿಸಬಹುದು, ಕೊನೆಗೆ ಭಾಷೆಯ ಹೆಸರು ಹಾಕಿದರಾಯಿತು. ದಿನಪತ್ರಿಕೆಯ ವರದಿಗೂ, ಪುಸ್ತಕದ ಅಧ್ಯಾಯಕ್ಕೂ, ಸರ್ಕಾರಿ ವರದಿಗೂ ಮಾದರಿಗಳಿವೆ. ಅಂದರೆ ಕನ್ನಡದ ಸಣ್ಣ ಪತ್ರಿಕೆಯಲ್ಲಿ ಅಚ್ಚಾದ ಬರಹವೂ ಆ ಕೊನೆಯ ಪುಟದೊಳಗೆ ಅಂಕಿ ಹಾಕಿಸಿಕೊಂಡು ಕೂರಬಲ್ಲದು.

ಹಳ್ಳಿಯ ಮೇಷ್ಟ್ರುಗಳಿಗೆ, ಕಾರ್ಯಕರ್ತ ಗೆಳೆಯರಿಗೆ ನಾವು ಕೇಳುವುದು ಇಲ್ಲಿ. ನಿಮ್ಮೂರ ನೀರಿನ ಬಗ್ಗೆ, ದನದ ಬೇನೆಯ ಬಗ್ಗೆ, ಬಾಣಂತನದ ಬಗ್ಗೆ ತಿಳಿದವರ ಮಾತು ಬರೆದುಕೊಳ್ಳಿ. ಹೆಸರು, ಊರು, ತಾರೀಖು ಹಾಕಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ‘ಹಿಂಗೇ ಅಂದಿದ್ದೆ’ ಎಂದು ಅವರು ಒಪ್ಪಿದ ಮೇಲೆ ಸಹಿಯೋ ಹೆಬ್ಬೆಟ್ಟೋ ಪಡೆಯಿರಿ. ಹೆಸರು ಬೇಡ ಎಂದವರ ಹೆಸರು ಬೇಡ. ಅಚ್ಚು ಮಾಡಿಸುವುದು ಬೇಡ, ಗುಟ್ಟಾಗಿರಲಿ ಎಂದವರ ಗುಟ್ಟನ್ನು ಗುಟ್ಟಾಗಿಯೇ ಇಡಿ. ಅಚ್ಚಾದ ಗಿಡದ ಗುಣವನ್ನು ಕಂಪನಿಯವರೂ ಓದುತ್ತಾರೆ ಎಂಬ ಎಚ್ಚರ ಇರಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯ್ತಿಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯ್ತಿಯಲ್ಲಿ ಆ ಪುಸ್ತಕ ಎಲ್ಲಿದೆ, ಅದರಲ್ಲಿ ಯಾರ ಹೆಸರಿದೆ ಎಂದು ಕೇಳಿ.

ಇನ್ನು ಹಟ್ಟಿಗೆ ಕ್ಯಾಂಪಿನ ಜೀಪು ಬಂದಾಗ, ಮಗುವಿನ ಬಾಯಿ ತೆರೆಸುವ ಮುಂಚೆ, ಕೈಕಟ್ಟಿ ನಿಲ್ಲದೆ ಮೂರು ಮಾತು ಕೇಳೋಣ. ಈ ನೀರು, ಈ ರಕ್ತ ಯಾವ ಬರಹಕ್ಕೆ ಹೋಗುತ್ತೆ? ಬರೆದ ಮೇಲೆ ನಮಗೆ ಅರ್ಥವಾಗುವ ಭಾಷೆಯಲ್ಲಿ ವಾಪಸು ತಂದು ಹೇಳ್ತೀರಾ? ನಮಗೆ ಗೊತ್ತಿರೋದನ್ನ ನಿಮಗೆ ಹೇಳಿದ್ರೆ ಅದನ್ನ ಯಾರ ಹೆಸರಲ್ಲಿ ಬರೀತೀರಾ?

ಉತ್ತರ ಬಂದ ಮೇಲೆ ಬಾಯಿ ತೆರೆಯೋಣ.